ಮಾಸಾಶನದ ಆಚೆಗಿನ ದುಡಿಮೆ



ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಬಡವನ ದುಡಿಮೆಯೆಂದರೆ ಹತ್ತಿ ಬಿಡಿಸುವುದು, ಭತ್ತ ನಾಟಿ ಮಾಡುವುದು. ಅದೂ ದೊರೆಯದಿದ್ದರೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಲ್ಲುವುದು. ಇವುಗಳಲ್ಲಿ ಅಂಧನಿಗೆ ಸ್ಥಾನವಿಲ್ಲವೆಂದು ಬಗೆದು ನಾವು ಅವನನ್ನು ಮನೆ ಕಾಯಲು ಬಿಡುತ್ತೇವೆ. ಅಂಧ ಹೆಣ್ಣುಮಕ್ಕಳ ಗಳಿಕೆಯ ಮಾತನ್ನಂತೂ ಎತ್ತುವುದೇ ಇಲ್ಲ.

ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ನಾವು ಓಡಾಡುವುದು ನಿಜ. ಆದರೆ ಮಾಸಾಶನ ಮಂಜೂರಾದೊಡನೆ ಆ ಕಾಗದ ಪೆಟ್ಟಿಗೆ ಸೇರುತ್ತದೆ. 1995ರ ಕಾಯ್ದೆಯು ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಶೇ. 3ರಷ್ಟು ಮೀಸಲಿಟ್ಟಿತ್ತು. 2016ರ ಕಾಯ್ದೆ ಅದನ್ನು ಕನಿಷ್ಠ ಶೇ. 4ಕ್ಕೇರಿಸಿತು, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಸಲ್ಲತಕ್ಕದ್ದು. ಶೇ. 40ರಷ್ಟು ವೈಕಲ್ಯವಿದ್ದರೆ ಸಾಕು. ದೃಷ್ಟಿಯಿಲ್ಲವೆಂಬ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯನ್ನೂ ನಿರಾಕರಿಸಲಾಗದೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಹುದ್ದೆಗೆ ಅರ್ಜಿ ಹಾಕಲು ವಿದ್ಯೆ ಬೇಕು. ನಮ್ಮ ಮಕ್ಕಳು ಸೋಲುವುದು ಇಲ್ಲಿಯೇ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅದೇ ಕಾಯ್ದೆಯ ಹಕ್ಕು. ಬ್ರೈಲ್ ಇದೆ, ಪರೀಕ್ಷೆಯಲ್ಲಿ ಬರೆಯಲು ಸಹಾಯಕರಿದ್ದಾರೆ, ಕನ್ನಡವನ್ನು ಓದಿ ಹೇಳುವ ಉಚಿತ ಕಂಪ್ಯೂಟರ್ ತಂತ್ರಾಂಶವೂ ಇದೆ.

ನೌಕರಿ ಎಲ್ಲರಿಗೂ ದೊರೆಯಲಾರದು. ಅಂಗಡಿಯಾದರೂ ಆಗಬಹುದಲ್ಲ! ನೋಟಿನ ಮೌಲ್ಯವನ್ನು ಹೇಳುವ 'ಮಣಿ' ಆ್ಯಪನ್ನು ರಿಸರ್ವ್ ಬ್ಯಾಂಕು 2020ರಲ್ಲಿ ಹೊರತಂದಿತು. ಹಣ ಜಮೆಯಾದುದನ್ನು ಕನ್ನಡದಲ್ಲಿ ಕೂಗುವ ಪೆಟ್ಟಿಗೆ ಈಗ ಚಹಾದಂಗಡಿಗಳಲ್ಲೂ ಇದೆ. ಕಣ್ಣಿದ್ದವರ ಅನುಕೂಲಕ್ಕೆ ಬಂದ ಈ ಪೆಟ್ಟಿಗೆ ಅಂಧ ವ್ಯಾಪಾರಿಗೇ ಹೆಚ್ಚು ಉಪಯುಕ್ತ. ಬಂಡವಾಳ ಕೂಡಿಸಿಕೊಡುವುದು ಒಂದು ಮೊಹಲ್ಲಾದ ಶಕ್ತಿಗೆ ಮೀರಿದ್ದೇನಲ್ಲ.

ಗಳಿಕೆ ಅವರದೇ ಖಾತೆಗೆ ಸೇರಬೇಕು, ಪಾಸ್‌ಬುಕ್ಕೂ ಅವರ ಕೈಯಲ್ಲೇ ಇರಬೇಕು. ಮಾಸಾಶನದ ಪಾಸ್‌ಬುಕ್ಕು ಅಣ್ಣತಮ್ಮಂದಿರ ಜೇಬಿನಲ್ಲಿರುವ ಪದ್ಧತಿಯನ್ನು ನಾವು ಈಗಾಗಲೇ ಸಾಕಷ್ಟು ಕಂಡಿದ್ದೇವೆ.