ಚಳಿಯಲ್ಲಿ ಒಬ್ಬಳೇ ನಡೆದಾಗ

ನಿಮ್ಮ ಅನುಭವ ಏನಾದರೂ ಹೇಳಿ ಅಂತ ವೇದಿಕೆಯವರು ಕೇಳಿದಾಗ ನನಗೆ ಹೊಳೆದದ್ದು ಒಂದೇ: ದೆಹಲಿಯ ಜನವರಿಯಲ್ಲಿ ಒಬ್ಬಳೇ ವಾಕಿಂಗ್ ಹೋಗುವುದು.

ನಾನು ನಡೆಯುವುದು ಉತ್ತರ ದೆಹಲಿಯ ರಿಡ್ಜ್‌ನಲ್ಲಿ. ಅರಾವಳಿ ಬೆಟ್ಟಸಾಲಿನ ಬಾಲ ಅದು. ವಿಶ್ವವಿದ್ಯಾಲಯ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಇಲ್ಲಿಯವರು ವಿಲಾಯತಿ ಕೀಕರ್ ಅನ್ನುವ ಮರ ನಮ್ಮ ಬಳ್ಳಾರಿ ಜಾಲಿಯೇ.

ಮೊದಲು ಪಕ್ಕದ ಮನೆಯ ಗೆಳತಿ ಜೊತೆಗಿರುತ್ತಿದ್ದರು. ಅವರು ಮಗನ ಮನೆಗೆ ಹೋದ ಮೇಲೆ ಒಂದು ಚಳಿಗಾಲ ಪೂರ್ತಿ ನಾನು ಮನೆಯಲ್ಲೇ ಕೂತೆ. ಮಂಡಿ ಬಿಗಿಯಿತು, ಮನಸ್ಸು ಅದಕ್ಕಿಂತ ಹೆಚ್ಚು ಬಿಗಿಯಿತು. ಹೊರಡುತ್ತೇನೆ ಅಂದರೆ "ಒಬ್ಬಳೇ ಯಾಕೆ?" ಅನ್ನುತ್ತಾರೆ. ನಮ್ಮ ಯಜಮಾನರು ಒಬ್ಬರೇ ಹೊರಟರೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ಹೋದ ವರ್ಷ ಗಟ್ಟಿ ಮನಸ್ಸು ಮಾಡಿ ಬೆಳಿಗ್ಗೆ ಆರೂವರೆಗೆ ಹೊರಟೆ. ದಟ್ಟ ಮಂಜು. ಹತ್ತು ಹೆಜ್ಜೆ ಮುಂದಿನ ಮರ ಕಾಣದು. ಹಿಂದೆ ಒಣ ಎಲೆ ಸರಕ್ ಅಂದಿತು. ಕೋತಿಯೋ, ಮನುಷ್ಯನೋ? ತಿಳಿಯಲು ನಾನು ನಿಲ್ಲಲಿಲ್ಲ, ಬಂದ ದಾರಿಯಲ್ಲೇ ವಾಪಸಾದೆ. ಮನೆಯಲ್ಲಿ ಹೇಳಲೂ ಇಲ್ಲ. ಹೇಳಿದ್ದರೆ ನನ್ನ ವಾಕಿಂಗ್ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಯೋಚಿಸಿದೆ. ಊರಲ್ಲಿ ರೂಢಿಯಾದ ನಸುಕಿನ ನಡಿಗೆ ಇಲ್ಲಿನ ಚಳಿಗೆ ಹೊಂದುವುದಿಲ್ಲ. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಹೊಗೆಯೆಲ್ಲ ಕೆಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿದರೆ ಸ್ವಲ್ಪ ಚದುರುತ್ತದೆ. ಚಳಿಗೆ ರಕ್ತನಾಳ ಬಿಗಿದು ಬಿಪಿಯೂ ಏರುತ್ತದೆ. ಹಾಗಾಗಿ ಈಗ ಹನ್ನೊಂದಕ್ಕೆ ಹೊರಡುತ್ತೇನೆ. ಎಕ್ಯೂಐ 300 ದಾಟಿದ ದಿನ ಹೋಗುವುದಿಲ್ಲ. ದಪ್ಪ ಸ್ವೆಟರ್ ಒಂದರ ಬದಲು ತೆಳು ಬಟ್ಟೆ ಮೂರು ಪದರ. ಮಗಳಿಗೆ ಲೈವ್ ಲೊಕೇಶನ್, ಫೋನಿನಲ್ಲಿ 112 ಸಿದ್ಧ. ಮುಖ್ಯ ದಾರಿ ಬಿಡುವುದಿಲ್ಲ. ಕೋತಿಗಳಿರುವುದರಿಂದ ಕೈಯಲ್ಲಿ ತಿಂಡಿ ಇಟ್ಟುಕೊಳ್ಳುವುದಿಲ್ಲ.

ದಾರಿಯಲ್ಲಿ ಫ್ಲ್ಯಾಗ್‌ಸ್ಟಾಫ್ ಟವರ್ ಇದೆ. 1857ರ ಮೇ 11ರಂದು ಬ್ರಿಟಿಷ್ ಹೆಂಗಸರು, ಮಕ್ಕಳು ಅಲ್ಲಿ ಸೇರಿ ಮೀರತ್‌ನಿಂದ ಸಹಾಯ ಬರುತ್ತದೆಂದು ಕಾದರು. ಬರಲಿಲ್ಲ. ಇನ್ನೂ ಮುಂದೆ, ಹಿಂದೂ ರಾವ್ ಆಸ್ಪತ್ರೆಯ ಹತ್ತಿರ, ಅಶೋಕನ ಕಂಬ. ಫಿರೋಜ್ ಷಾ ತುಘಲಕ್ ಮೀರತ್‌ನಿಂದ ತರಿಸಿದ್ದು. ಮದ್ದಿನ ಸ್ಫೋಟದಲ್ಲಿ ಐದು ತುಂಡಾಗಿತ್ತು, 1867ರಲ್ಲಿ ಜೋಡಿಸಿ ನಿಲ್ಲಿಸಿದರು.

ನಾನು ರಾಯಚೂರು ಕಡೆಯವಳು. ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆಯೆಂದು ಹೆಮ್ಮೆಯಿಂದ ಕಲಿತವಳು. ಆದರೂ ವರ್ಷಗಟ್ಟಲೆ ಗೆಳತಿಯ ಜೊತೆ ಸೊಸೆ, ಮಗ, ಸಾರಿನಪುಡಿ ಅಂತ ಮಾತಾಡುತ್ತಾ ಆ ಕಂಬದ ಪಕ್ಕದಲ್ಲೇ ಹೋಗಿದ್ದೇನೆ, ನಿಂತು ನೋಡಿರಲಿಲ್ಲ. ಒಬ್ಬಳೇ ಆದಾಗ ನಿಂತೆ. ಊರಿನವರು ಯಾರೋ ಸಿಕ್ಕಷ್ಟು ಖುಷಿಯಾಯಿತು.

ಭಯ ಪೂರ್ತಿ ಹೋಯಿತು ಅಂತ ಹೇಳಲಾರೆ. ಹಿಂದೆ ಹೆಜ್ಜೆ ಸದ್ದಾದರೆ ಈಗಲೂ ತಿರುಗಿ ನೋಡುತ್ತೇನೆ. ಬೇಡ ಅನ್ನಿಸಿದ ದಿನ ಅರ್ಧದಿಂದಲೇ ವಾಪಸು ಬರುತ್ತೇನೆ. ಅದನ್ನು ಸೋಲು ಅಂತ ಲೆಕ್ಕ ಹಾಕುವುದಿಲ್ಲ, ಮರುದಿನ ಮತ್ತೆ ಹೊರಡುತ್ತೇನೆ.

ಗೆಳತಿ ಫೋನ್ ಮಾಡಿದಾಗ "ಯಾರ ಜೊತೆ ಹೋಗುತ್ತೀಯಾ?" ಅಂತ ಕೇಳಿದರು. "ನನ್ನ ಜೊತೆ" ಅಂದೆ. ನೀವೂ ನಿಮ್ಮ ಬಡಾವಣೆಯ ಪಾರ್ಕಿನಲ್ಲಿ, ಬಿಸಿಲು ಬಂದ ಮೇಲೆ, ಒಂದು ದಿನ ಹೋಗಿ ನೋಡಿ.