ಬೆಳಗಿನ ಕಿಡಿ, ಮಧ್ಯಾಹ್ನದ ಬೆಂಕಿ

ಸುಗ್ಗಿ ಮುಗಿಯಿತು. ಕಾಳು ಮನೆ ಸೇರಿತು, ಹುಲ್ಲು ಬಣವೆ ಸೇರಿತು. ಇನ್ನು ಮುಂಗಾರು ಹಿಡಿದು ಹಸಿರು ಚಿಗುರುವ ತನಕ ದನಗಳ ಹೊಟ್ಟೆಪಾಡು ಆ ಬಣವೆಯಿಂದಲೇ. ಒಂದು ಜೊತೆ ಎತ್ತು, ಒಂದು ಹಸು ಇರುವ ಮನೆ ಎಂದಿಟ್ಟುಕೊಳ್ಳಿ. ತಲೆಗೆ 6 ಕಿಲೋ ಒಣಹುಲ್ಲು ಎಂದರೂ ದಿನಕ್ಕೆ 18 ಕಿಲೋ. ಫೆಬ್ರವರಿಯಿಂದ ಜೂನ್ ಕೊನೆಗೆ 150 ದಿನ. ಒಟ್ಟು 2,700 ಕಿಲೋ ಆಯಿತು. ವರ್ಷವಿಡೀ ದುಡಿದು ಕೂಡಿಟ್ಟ ಈ ಹುಲ್ಲು ಒಂದೇ ಮಧ್ಯಾಹ್ನದಲ್ಲಿ ಬೂದಿಯಾಗಬಹುದು. ಅದಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಬೆಂಕಿ ಹಬ್ಬುವುದಕ್ಕೆ ಕಿಡಿಯೊಂದೇ ಸಾಲದು, ಒಣಗಾಳಿಯೂ ಬೇಕು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಅಂಶವಿದೆ, ಅದೇ ತೇವಾಂಶ. ಇದನ್ನು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಹಪ್ಪಳ ಕರಿದು ಹೊರಗಿಟ್ಟರೆ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಗರಿಗರಿಯಾಗಿಯೇ ಉಳಿಯುತ್ತದೆ. ಹುಲ್ಲಿನ ಸ್ವಭಾವವೂ ಹಾಗೇ. ಗಾಳಿ ತೇವವಾಗಿದ್ದರೆ ಹುಲ್ಲು ಅದನ್ನು ಹೀರುತ್ತದೆ. ಗಾಳಿ ಒಣಗಿದ್ದರೆ ಹುಲ್ಲಿನಲ್ಲಿರುವ ತೇವವನ್ನು ಗಾಳಿಯೇ ಹೀರಿಬಿಡುತ್ತದೆ.

ಇದು ಒಂದೇ ದಿನದೊಳಗೂ ನಡೆಯುತ್ತದೆ ನೋಡಿ. ಬೆಳಗಿನ ಜಾವ ತಂಪು, ಹುಲ್ಲಿನ ಮೇಲೆ ಇಬ್ಬನಿ. ಬಿಸಿಲೇರಿದಂತೆ ಗಾಳಿಯ ಬಾಯಾರಿಕೆಯೂ ಏರುತ್ತದೆ. ಮಾರ್ಚ್ ತಿಂಗಳಲ್ಲಿ ನಮ್ಮ ಒಳನಾಡಿನಲ್ಲಿ ಮಧ್ಯಾಹ್ನದ ತೇವಾಂಶ ನೂರಕ್ಕೆ ಮೂವತ್ತಕ್ಕಿಂತ ಕೆಳಗೆ ಇಳಿಯುವುದುಂಟು. ಬೆಳಿಗ್ಗೆ ಹೊಗೆಯಾಡುತ್ತಾ ಹತ್ತಲಾರದೆ ಹೋದ ಹುಲ್ಲು, ಮಧ್ಯಾಹ್ನ ಒಂದು ಬೀಡಿ ತುಂಡಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೆ ಬೀಸುಗಾಳಿ ಸೇರಿದರೆ ಕೇಳುವುದೇ ಬೇಡ.

ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಹೀಗೇ ಆಯಿತು. ಹಿರಿಯ ರೈತರೊಬ್ಬರು ಬೆಳಿಗ್ಗೆ ಎಂಟು ಗಂಟೆಗೆ ಬದುವಿನ ಕಸಕ್ಕೆ ಬೆಂಕಿ ಇಟ್ಟರು. ಇಬ್ಬನಿಗೆ ಅದು ಸರಿಯಾಗಿ ಉರಿಯಲಿಲ್ಲ. ಆರಿತು ಎಂದುಕೊಂಡು ಊಟಕ್ಕೆ ಹೋದರು. ಬೂದಿಯ ಕೆಳಗೆ ಕೆಂಡ ಉಳಿದಿತ್ತು. ಎರಡು ಗಂಟೆಯ ಹೊತ್ತಿಗೆ ಗಾಳಿ ಎದ್ದು, ಬೆಂಕಿ ಬದು ದಾಟಿ, ಪಕ್ಕದವರ ಎರಡು ಬಣವೆಗಳನ್ನು ಹಿಡಿಯಿತು. ಜನ ಬಿಂದಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ. ಬಣವೆ ಕಳೆದುಕೊಂಡವರು ಮೇವಿಲ್ಲದೆ ಏಪ್ರಿಲ್ ಸಂತೆಯಲ್ಲಿ ಎತ್ತುಗಳನ್ನು ಸಿಕ್ಕಿದ ಬೆಲೆಗೆ ಮಾರಿದರು. ಬೆಂಕಿ ಇಟ್ಟವರು ಕೆಟ್ಟವರಲ್ಲ. “ಬೆಳಿಗ್ಗೆ ಆರಿತ್ತಲ್ಲಪ್ಪ” ಎಂದು ಆಮೇಲೂ ಹೇಳುತ್ತಿದ್ದರು.

ಹೊಲದಲ್ಲಿ ಆಗುವುದೇ ಕಾಡಿನಲ್ಲೂ ಆಗುತ್ತದೆ. 2019ರ ಫೆಬ್ರವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ನಮ್ಮ ಕಾಡುಗಳಿಗೆ ಬೇಸಿಗೆಯಲ್ಲಿ ಬೀಳುವ ಬೆಂಕಿ ಬಹುಮಟ್ಟಿಗೆ ಮನುಷ್ಯರಿಂದಲೇ ಹುಟ್ಟುವಂಥದ್ದು. ಒಣಗಾಳಿ ನಮ್ಮ ಕೈಯಲ್ಲಿಲ್ಲ. ಕಿಡಿ ನಮ್ಮ ಕೈಯಲ್ಲಿದೆ.

ಹಾಗಾದರೆ ಮಾಡಬೇಕಾದ್ದು ಏನು?

ಮೊದಲನೆಯದು, ಬದುವಿನ ಕಸ, ಕಬ್ಬಿನ ತರಗು, ಕೂಳೆ ಯಾವುದನ್ನೂ ಸುಡಬೇಡಿ. ಸುಟ್ಟರೆ ಅದರಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ. ತರಗನ್ನು ಸಾಲಿನ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಬದುವಿನ ಕಸವನ್ನು ಕೊಯ್ದು ಗುಂಡಿಗೆ ಹಾಕಿ.

ಎರಡನೆಯದು, ಬಣವೆಯನ್ನು ಮನೆ, ಕೊಟ್ಟಿಗೆಗಳಿಂದ ಐವತ್ತು ಅರವತ್ತು ಅಡಿ ದೂರ ಒಟ್ಟಿ. ಹುಲ್ಲೆಲ್ಲ ಒಂದೇ ಕಡೆ ಬೇಡ, ಎರಡು ಕಡೆ ಇರಲಿ. ಒಂದಕ್ಕೆ ಹತ್ತಿದರೆ ಇನ್ನೊಂದಾದರೂ ಉಳಿದೀತು. ಬಣವೆಯ ಸುತ್ತ ಹತ್ತು ಹನ್ನೆರಡು ಅಡಿ ಅಗಲಕ್ಕೆ ನೇಗಿಲು ಹೊಡೆದು ಮಣ್ಣು ಬರಿದು ಮಾಡಿ. ವಿದ್ಯುತ್ ತಂತಿಯ ಕೆಳಗೆ ಬಣವೆ ಖಂಡಿತ ಬೇಡ. ಗಾಳಿಗೆ ತಂತಿ ತಂತಿ ತಾಗಿ ಕಿಡಿ ಉದುರುತ್ತದೆ. ತಂತಿ ಜೋತುಬಿದ್ದಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ.

ಮೂರನೆಯ ಮಾತು ತಾಯಂದಿರಿಗೆ. ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುವ ಮುಂಚೆ ಒಂದು ಚೊಂಬು ನೀರು ಹಾಕಿ ಕಲಸಿಬಿಡಿ. ಬೂದಿಯೊಳಗಿನ ಕೆಂಡ ಗಂಟೆಗಟ್ಟಲೆ ಆರದೆ ಇರುತ್ತದೆ. ಬೆಂಕಿಪೊಟ್ಟಣ ಮಕ್ಕಳ ಕೈಗೆ ಸಿಗದಿರಲಿ.

ಇಷ್ಟೆಲ್ಲ ಮಾಡಿಯೂ ಬೆಂಕಿ ಬಿದ್ದರೆ? ಮೊದಲು ಕೂಗಿ ಜನ ಸೇರಿಸಿ, 112ಕ್ಕೆ ಫೋನು ಮಾಡಿ. ಕೊಟ್ಟಿಗೆ ಹತ್ತಿರವಿದ್ದರೆ ದನಗಳ ಹಗ್ಗ ಬಿಚ್ಚಿ. ಬಿಚ್ಚಲು ಹೊತ್ತಿಲ್ಲದಿದ್ದರೆ ಕೊಯ್ಯಲು ಬೇಕು, ಅದಕ್ಕೇ ಕೊಟ್ಟಿಗೆಯ ಗೋಡೆಗೆ ಒಂದು ಕುಡುಗೋಲು ಸಿಕ್ಕಿಸಿರಿ. ಹತ್ತಿದ ಬಣವೆ ಉಳಿಯುವುದು ಕಷ್ಟ. ಪಕ್ಕದ ಬಣವೆಗೆ, ಮನೆಯ ಮಾಡಿಗೆ ನೀರು ಹಾಕಿ. ಬದುವಿನ ಹುಲ್ಲು ಉರಿಯುತ್ತಿದ್ದರೆ ಹೊಂಗೆಯ ಹಸಿ ಕೊಂಬೆಯಿಂದಲೋ ನೆನೆಸಿದ ಗೋಣಿಯಿಂದಲೋ ಬಡಿಯಿರಿ. ಗಾಳಿ ನಿಮ್ಮ ಬೆನ್ನಿಗಿರಲಿ, ಉರಿಯ ಎದುರಿಗೆ ಹೋಗಬೇಡಿ. ಹರಿದು ಬಿದ್ದ ತಂತಿಯ ಹತ್ತಿರ ಸುಳಿಯಬೇಡಿ, ಅಲ್ಲಿ ನೀರನ್ನೂ ಹಾಕಬೇಡಿ. ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಸುರಿದು ಆಸ್ಪತ್ರೆಗೆ ಕರೆದೊಯ್ಯಿರಿ.

ಆರಿದ ಮೇಲೂ ಬೂದಿಯನ್ನು ನಂಬಬೇಡಿ. ಕೆದಕಿ ನೀರು ಹಾಕಿ, ಸಂಜೆಯ ತನಕ ಒಬ್ಬರು ಕಾವಲಿರಿ. ಮೇವು ಉಳಿದರೆ ದನ ಉಳಿಯುತ್ತದೆ, ದನ ಉಳಿದರೆ ಮುಂಗಾರಿಗೆ ಹೊಲಕ್ಕೆ ಇಳಿಯುವ ಧೈರ್ಯ ಉಳಿಯುತ್ತದೆ. ಇವತ್ತು ಸಂಜೆ ಒಮ್ಮೆ ಹೋಗಿ ನಿಮ್ಮ ಬಣವೆಯ ಸುತ್ತ ನೋಡಿ ಬನ್ನಿ.