ಎದುರಿಗೆ ನಿಂತರೆ ಏಟು

1987ರಲ್ಲಿ ನಮ್ಮೂರು ಕೂಟಗಲ್ಲಿಗೆ ಅಷ್ಟೇನೂ ದೂರವಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿದ್ದೆಯೇ ಇರಲಿಲ್ಲ. ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಹೊಸ ಅತಿವಾಹಕದ (ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ವಸ್ತುವಿನ) ಹಿಂದೆ ಜಗತ್ತೇ ಓಡುತ್ತಿತ್ತು. ಅದರಲ್ಲಿ ಕೆಲಸ ಮಾಡುವ ಸಂಯುಕ್ತ ಇದೇ ಎಂದು ಮೊದಮೊದಲು ಗುರುತಿಸಿದವರಲ್ಲಿ ನಮ್ಮ ಸಿ.ಎನ್.ಆರ್. ರಾವ್ ಅವರ ತಂಡವೂ ಒಂದು. ಎಂಥ ಹೆಮ್ಮೆ!

ಪುಡಿಯಾಗಿ ಸಿಕ್ಕಿದ್ದನ್ನು ತೆಳು ಪದರವಾಗಿ ಬಳಿಯಬೇಕಲ್ಲ? ಗಾಳಿ ತೆಗೆದ ಪಾತ್ರೆಗೆ ಒಂದಿಷ್ಟು ಆರ್ಗಾನ್ ಬಿಟ್ಟು, ಆ ವಸ್ತುವಿನ ಬಿಲ್ಲೆಗೆ ನೂರಾರು ವೋಲ್ಟಿನ ಋಣ ವಿದ್ಯುತ್ ಕೊಡುತ್ತಾರೆ. ಅನಿಲ ಹೊಳೆಯುತ್ತದೆ. ಆರ್ಗಾನಿನ ಧನ ಅಯಾನುಗಳು ಬಡಿದಾಗ ಬಿಲ್ಲೆಯ ಪರಮಾಣುಗಳು ಸಿಡಿದು ಎದುರಿನ ಫಲಕದ ಮೇಲೆ ಕೂರುತ್ತವೆ. ಆದರೆ ಪದರದಲ್ಲಿ ಬೇರಿಯಂ, ತಾಮ್ರ ಎರಡೂ ಕಡಿಮೆ ಬರತೊಡಗಿದವು. ಅದೂ ಬಿಲ್ಲೆಗೆ ನೇರ ಎದುರಿಗಿದ್ದ ಜಾಗದಲ್ಲೇ!

ಅವನ್ನು ಕದಿಯುತ್ತಿದ್ದ ಕಳ್ಳನ ಸುಳಿವು ಎಂದೋ ಸಿಕ್ಕಿತ್ತು. ಭೌತವಿಜ್ಞಾನಿ ಜೆ.ಜೆ. ಥಾಮ್ಸನ್ 1913ರ ತಮ್ಮ ಪುಸ್ತಕದಲ್ಲೇ ಬರೆದಿದ್ದರು: ಧನ ಕಿರಣಗಳು ಫೋಟೋ ತಟ್ಟೆಯ ಮೇಲೆ ಗೆರೆ ಮೂಡಿಸುವಾಗ ಎದುರು ಬದಿಯಲ್ಲೂ ಕೆಲವು ಗೆರೆಗಳು ಮೂಡುತ್ತವೆ, ಅವು ಋಣ ಅಯಾನುಗಳವು ಎಂದು.

ನನಗೆ ತುಂಬ ಇಷ್ಟವಾದ ಕಥೆ 1978ರದು. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಜೆರೋಮ್ ಕ್ಯೂಮೊ ಮತ್ತು ಸಂಗಡಿಗರು ಸಮೇರಿಯಂ-ಚಿನ್ನದ ಬಿಲ್ಲೆ ಇಟ್ಟಿದ್ದರು. ಪದರ ಬೆಳೆಯುವ ಬದಲು ಫಲಕವೇ ಸವೆಯಿತು! ಬಿತ್ತಲು ಹೋದವನ ಹೊಲದ ಮಣ್ಣೇ ಕೊಚ್ಚಿಹೋದ ಹಾಗೆ. ಎಲೆಕ್ಟ್ರಾನನ್ನು ಸಲೀಸಾಗಿ ಬಿಟ್ಟುಕೊಡುವುದು ಸಮೇರಿಯಂ, ಬಾಚಿಕೊಳ್ಳುವುದು ಚಿನ್ನ. ಹೀಗೆ ಋಣ ಅಯಾನಾದ ಚಿನ್ನವನ್ನು ಬಿಲ್ಲೆಯ ವೋಲ್ಟೇಜೇ ಆಚೆಗೆ ತಳ್ಳುತ್ತದೆ. ಸಾಮಾನ್ಯ ಪರಮಾಣುವಿಗೆ ಕೆಲವೇ ಎಲೆಕ್ಟ್ರಾನ್-ವೋಲ್ಟ್ ಶಕ್ತಿ, ಇದಕ್ಕೆ ನೂರಾರು. ದಾರಿಯಲ್ಲಿ ಎಲೆಕ್ಟ್ರಾನ್ ಕಳಚಿ ಬಿದ್ದರೂ ವೇಗ ಇಳಿಯದು. ನೆಟ್ಟಗೆ ಹೋಗಿ ಫಲಕಕ್ಕೆ ಅಪ್ಪಳಿಸುತ್ತದೆ.

ಅತಿವಾಹಕದಲ್ಲಿ ಇದೇ ಕೆಲಸವನ್ನು ಆಮ್ಲಜನಕ ಮಾಡುತ್ತಿತ್ತು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಫಲಕವನ್ನು ಎದುರಿನಿಂದ ಸರಿಸಿ ಪಕ್ಕಕ್ಕೆ ತಿರುಗಿಸಿಟ್ಟರು. ಪದರ ನಿಧಾನವಾಗಿ ಬೆಳೆಯಿತು, ಆದರೆ ಒಳ್ಳೆಯದಾಗಿ ಬೆಳೆಯಿತು. ಎಷ್ಟು ಸರಳ, ಎಷ್ಟು ಸುಂದರ! 1987ರ ಸಡಗರವನ್ನು ನೆನೆಯುವವರೆಲ್ಲ ಅತಿವಾಹಕತೆಯ ತಾಪಮಾನದ ಅಂಕಿಗಳನ್ನೇ ಹೇಳುತ್ತಾರೆ, ಈ ಅಯಾನಿನ ಮಾತೆತ್ತುವುದಿಲ್ಲ. ನನಗದು ಬೇಸರ.

ಮೊಬೈಲ್ ಪರದೆಯ ಗಾಜಿಗೆ ಬಳಿಯುವ ಇಂಡಿಯಂ-ತವರದ ಆಕ್ಸೈಡ್ ಪದರಕ್ಕೂ ಇಂಥ ಋಣ ಅಯಾನುಗಳ ಕಾಟ ಉಂಟು. ಅಲ್ಲಿ ಬಿಲ್ಲೆಯ ಹಿಂದೆ ಬಲವಾದ ಅಯಸ್ಕಾಂತ ಇಟ್ಟು, ವೋಲ್ಟೇಜನ್ನೇ ಇಳಿಸಿ, ಏಟಿನ ಬಿರುಸು ಕಡಿಮೆ ಮಾಡುತ್ತಾರೆ.